ಟೈ ಕಟ್ಟಿಕೊಂಡು ಹೋದ ಅಪಾಯಿಂಟ್‌ಮೆಂಟ್

ಆಬರ್ನ್ ಹಿಲ್ಸ್
7 ಅಕ್ಟೋಬರ್ 2003

ಡಾಕ್ಟರ್ ಖಲೀದಾ ಅವರಿಗೆ ನಮಸ್ಕಾರ.

ಕೆಲಸದ ಒತ್ತಡದಿಂದ ಆರೋಗ್ಯ ಕೆಟ್ಟಿದೆಯೇ ನೋಡಿ ಎಂದು ನಮ್ಮ ಕಂಪನಿಯವರು ನಿನ್ನೆ ನಿಮ್ಮ ಹತ್ತಿರ ಕಳಿಸಿದ್ದ ಎಂಜಿನಿಯರ್ ನಾನು, ಸುಧೀಂದ್ರ. ನಾನದನ್ನು ಇಂಟರ್‌ವ್ಯೂ ಎಂದೇ ತಿಳಿದುಬಿಟ್ಟೆ. ಟೈ ಕಟ್ಟಿಕೊಂಡು, ಮಾರ್ಕ್ಸ್ ಕಾರ್ಡುಗಳ ಫೈಲನ್ನೂ ಹಿಡಿದು ಬಂದಿದ್ದೆ. ನಿದ್ದೆ, ಊಟ, ತಲೆನೋವು, ನೀವು ಏನು ಕೇಳಿದರೂ "ನೋ ಪ್ರಾಬ್ಲಮ್" ಎಂದೆ. ನನ್ನ ವೀಸಾ ಕಂಪನಿಯ ಕೈಯಲ್ಲಿದೆ. ಕಾಯಿಲೆ ಎಂದರೆ ಕೆಲಸದ ಜೊತೆ ಅದೂ ಹೋಗುತ್ತದೆ ಎಂದು ಹೆದರಿದ್ದೆ.

ನೀವು ಆ ಫೈಲ್ ತೆರೆಯಲೇ ಇಲ್ಲ. ಬಾಗಿಲವರೆಗೆ ಬಂದು, "ನಂದು ದಾವಣಗೆರೆ ರೀ. ಶುಕ್ರವಾರದ ತನಕ ಕಂಪನಿಗೆ ರಿಪೋರ್ಟ್ ಕಳಿಸಲ್ಲ. ಏನಾದ್ರೂ ಹೇಳೋದು ಬಿಟ್ಟುಹೋಗಿದ್ರೆ ಬರೆದು ಕೊಡಿ, ಕನ್ನಡದಲ್ಲೇ ಬರೀರಿ" ಅಂದಿರಿ.

ಬಿಟ್ಟುಹೋದದ್ದು ಇಷ್ಟು. ಕಳೆದ ತಿಂಗಳು ಮೂರು ಸಲ, ಬೆಳಿಗ್ಗೆ ಫ್ರೀವೇಯಲ್ಲಿ ಆಫೀಸಿನ ಕಡೆ ತಿರುಗುವ ಎಕ್ಸಿಟ್ ಬಂದರೂ ಕಾರು ತಿರುಗಿಸಲು ನನ್ನಿಂದ ಆಗಲಿಲ್ಲ. ಹಾಗೇ ಮುಂದೆ ದೂರದ ಫ್ಲಿಂಟ್ ಊರಿನವರೆಗೆ ಹೋಗಿ ವಾಪಸ್ಸು ಬಂದೆ. ಮ್ಯಾನೇಜರ್‌ಗೆ ಟ್ರಾಫಿಕ್ ಎಂದೆ. ಮನೆಯಲ್ಲಿ ಏನೂ ಹೇಳಲಿಲ್ಲ.

ದಯವಿಟ್ಟು ನಾನು ಹೇಳಿದ್ದನ್ನೆಲ್ಲ ಹೊಡೆದುಹಾಕಿ, ಇನ್ನೊಂದು ಅಪಾಯಿಂಟ್‌ಮೆಂಟ್ ಕೊಡಿ. ಅಲ್ಲಿಯತನಕ ಮನೆಗೆ ಫೋನ್ ಮಾಡಬೇಡಿ. ನನ್ನ ಹೆಂಡತಿ ಲತಾಶ್ರೀಗೆ ನಾನೇ ಹೇಳಬೇಕು. ಅವಳಿಗೆ ಲೈಸೆನ್ಸ್ ಬಂದು ಎರಡೇ ವಾರವಾಗಿದೆ, ಫ್ರೀವೇ ಎಂದರೆ ಹೆದರುತ್ತಾಳೆ. ಆದರೂ ಅಪಾಯಿಂಟ್‌ಮೆಂಟ್ ದಿನ ಕಾರು ಅವಳೇ ಓಡಿಸಲಿ. ಎಕ್ಸಿಟ್ ಬಂದಾಗ ತಿರುಗಿಸು ಎಂದು ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ.

ಇಂತಿ,
ಸುಧೀಂದ್ರ