ಅಜ್ಜ ಹೊತ್ತ ಮರಳು

ಹೆಣ್ಣುಮಕ್ಕಳ ಹಾಸ್ಟೆಲ್, ಆಲ್ಜಿಯರ್ಸ್
೧೯ ಫೆಬ್ರವರಿ ೧೯೮೯, ಭಾನುವಾರ

ಪ್ರೀತಿಯ ಅಜ್ಜನಿಗೆ,

ನಿನ್ನ ಮೊಮ್ಮಗಳು ಮಬ್ರೂಕಾಳ ಸಲಾಮು. ನಿನ್ನ ಮೊಣಕಾಲು ಹೇಗಿದೆ? ರಾಬ್ಹಾ ಅತ್ತೆಯ ಕೆಮ್ಮು? ಅಪ್ಪ ಎಣ್ಣೆಬಾವಿಯ ಕ್ಯಾಂಪಿನಿಂದ ಈ ತಿಂಗಳಾದರೂ ರಜೆಗೆ ಬಂದನೋ? ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೊದಲು ಪರೀಕ್ಷೆ ಇತ್ತು. ಆಮೇಲೆ ಪರೀಕ್ಷೆ ಮುಗಿದಿತ್ತು, ಆದರೂ ಬರೆಯಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಅತ್ತೆ, ಇದನ್ನು ಅಜ್ಜನಿಗೆ ಓದಿ ಹೇಳುವವಳು ನೀನೇ ಅಂತ ಗೊತ್ತು. ಒಂದು ಸಾಲೂ ಬಿಡಬಾರದು. ಬಿಟ್ಟು ಓದುವಾಗಲೆಲ್ಲ ನೀನು ಗಂಟಲು ಸರಿಮಾಡಿಕೊಳ್ಳುತ್ತೀಯ. ಅಜ್ಜನಿಗೆ ಅದು ಚೆನ್ನಾಗಿ ಗೊತ್ತು.

ಇಲ್ಲಿ ಚಳಿ ಒಣ ಚಳಿಯಲ್ಲ ಅಜ್ಜ. ಕಡಲಿನಿಂದ ಬಂದು ಹಾಸಿಗೆಯೊಳಗೆ ಕೂರುತ್ತದೆ. ತೊಳೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹನ್ನೊಂದನೆಯ ವಯಸ್ಸಿನಿಂದ ಶಾಲೆಯ ಹಾಸ್ಟೆಲಿನಲ್ಲೇ ಇದ್ದವಳು, ನನಗೇನು ಹೊಸದು ಅಂದುಕೊಂಡಿದ್ದೆ. ಆದರೆ ಅಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಮಲಗುವುದು. ಇಲ್ಲಿ ಗಂಟೆಯೇ ಇಲ್ಲ. ನಾನು ಊಟಕ್ಕೆ ಬಂದೆನೋ ಬಿಟ್ಟೆನೋ ಕೇಳುವವರಿಲ್ಲ. ಮನೆಗೆ ಬಂದರೆ ನನ್ನ ಅರ್ಧಂಬರ್ಧ ಫ್ರೆಂಚಿಗೆ ನೀವೆಲ್ಲ ನಗುತ್ತೀರಿ. ಇಲ್ಲಿಯವರು ನಮ್ಮ ಸೂಫ್ ಸೀಮೆಯ ರಾಗಕ್ಕೆ ನಗುತ್ತಾರೆ. ಹಾಗಾಗಿ ಎರಡೂ ಕಡೆ ಕಡಿಮೆ ಮಾತಾಡುತ್ತೇನೆ.

ಕೋಣೆಯಲ್ಲಿ ವಸೀಲಾ ಎಂಬ ಹುಡುಗಿ ಇದ್ದಾಳೆ. ತೋಲ್ಗಾದವಳು. ಅವರದೂ ಖರ್ಜೂರದ ತೋಟವೇ, ಆದರೆ ಕಾಲುವೆ ನೀರಿನದು. ಡಿಸೆಂಬರಿನಲ್ಲಿ ನೀವು ಕಳಿಸಿದ ಪೆಟ್ಟಿಗೆ ಬಂದ ದಿನ ನಾನು ಹಬ್ಬವನ್ನೇ ಮಾಡಿದೆ. ಇಡೀ ಮಹಡಿಯ ಹುಡುಗಿಯರನ್ನು ಕರೆದು ಹಂಚಿದೆ. ನೀನು ಹೇಳುತ್ತಿದ್ದ ಮಾತನ್ನೂ ಹೇಳಿದೆ: "ನೀರನ್ನ ಮರದ ಹತ್ರ ತಂದು ಬಡಿಸೋದು ಬೇರೆಯವರ ಕೆಲಸ. ನಾವು ಮರಳಲ್ಲಿ ಹೊಂಡ ತೋಡಿ ಮರಾನೇ ನೀರಿನ ಹತ್ರ ಇಳಿಸ್ತೀವಿ. ಆಮೇಲೆ ಊಟ ಅದರ ಜವಾಬ್ದಾರಿ."

ವಸೀಲಾ ಒಂದು ಹಣ್ಣು ಕಚ್ಚಿ, ಬೀಜ ಉಗಿದು, ಹುಬ್ಬು ಹಾರಿಸಿದಳು.

"ಏನೇ ಸೂಫಿನವಳೇ, ಇದು ನಮ್ಮ ಕಡೆ ಹಣ್ಣು ಕಣೆ. ಕಾಲುವೆ ನೀರು ಕುಡಿದು ಹೆಂಗೆ ಊದ್ಕೊಂಡಿದೆ ನೋಡು."

"ಸುಮ್ನಿರೇ. ನಮ್ಮಜ್ಜ ಕೈಯಾರೆ ಕಿತ್ತು ಕಳಿಸಿದ್ದು."

"ಅಂಗಡಿಯಿಂದ ಕಿತ್ತಿರ್ಬೇಕು!"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಇದು ನಮ್ಮ ಹೊಂಡದ್ದೇ. ನಮ್ಮಜ್ಜನ ತಲೆ ಮೇಲಾಣೆ," ಅಂದುಬಿಟ್ಟೆ. ವಸೀಲಾ ತಕ್ಷಣ ಕೆನ್ನೆ ತಟ್ಟಿಕೊಂಡಳು. "ಅಯ್ಯೋ, ಅಜ್ಜನ ಮೇಲೆ ಆಣೆ ಹಾಕಿದ್ಮೇಲೆ ಮುಗೀತು ಬಿಡು ಮಾರಾಯ್ತಿ. ನನ್ನ ನಾಲಿಗೆಯೇ ಸುಳ್ಳು."

ಜನವರಿಯಲ್ಲಿ ಭೂಗೋಳದ ಮೇಷ್ಟ್ರು ಒಂದು ಅಸೈನ್‌ಮೆಂಟ್ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ತಮ್ಮ ಸೀಮೆಯ ನೆಲ, ಜನ, ದುಡಿಮೆ ಇವುಗಳ ಬಗ್ಗೆ ಬರೆದು ಕ್ಲಾಸಿನ ಮುಂದೆ ಓದಬೇಕು. ಮೂರು ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ, ಮರಳಿನಲ್ಲಿ ಬಟ್ಟಲಿನ ಹಾಗೆ ಹೊಂಡ ತೋಡಿ ಅದರ ತಳದಲ್ಲಿ ಖರ್ಜೂರ ನೆಡುತ್ತೇವೆ, ದೂರದಿಂದ ನೋಡಿದರೆ ಮರದ ನೆತ್ತಿ ಮಾತ್ರ ಕಾಣುತ್ತದೆ ಅಂತ ಓದಿದೆ. ಅಂಚಿನ ಗರಿಬೇಲಿಯನ್ನು ದಾಟಿ ಗಾಳಿ ಒಂದು ದಿನ ಸುರಿದ ಮರಳನ್ನು ನಮ್ಮಜ್ಜ ಒಂದು ವಾರ ಬುಟ್ಟಿಯಲ್ಲಿ ತುಂಬಿ, ಬೆನ್ನ ಮೇಲೆ ಹೊತ್ತು, ಮೇಲಕ್ಕೆ ಹಾಕುತ್ತಾನೆ ಅಂತಲೂ ಓದಿದೆ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ:

"ಅಂದ್ರೆ ಜೀವಮಾನವಿಡೀ ಮರಳು ಹೊತ್ತು ಮರಳಿಗೇ ಹಾಕೋದಾ?"

ನನಗೆ ಎಲ್ಲಿಂದ ಧೈರ್ಯ ಬಂತೋ. "ಹೌದು. ಆಮೇಲೆ ಖರ್ಜೂರ ತಿನ್ನೋದು. ನೀನು ಏನು ಹೊತ್ತು ಏನು ತಿಂತೀಯ?" ಅಂದೆ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು ಅಜ್ಜ. ಈ ಊರಿಗೆ ಬಂದ ಮೇಲೆ ಅದೊಂದೇ ದಿನ ನನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾದದ್ದು.

ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ. ಕ್ಲಾಸು ಬಿಟ್ಟ ಮೇಲೆ ಕರೆದರು. "ಚೆನ್ನಾಗಿ ಬರೆದಿದ್ದೀಯಮ್ಮ. ಇದು ಯಾವ ವರ್ಷದ ಮಾತು?"

"ಈ ವರ್ಷದ್ದೇ ಸಾರ್. ಮೊನ್ನೆ ತಾನೇ ಅಜ್ಜನ ಕಾಗದ ಬಂದಿದೆ."

ಅವರು ಬೀರುವಿನಿಂದ ದೊಡ್ಡದೊಂದು ಫೋಟೊ ತೆಗೆದು ಮೇಜಿನ ಮೇಲೆ ಹಾಸಿ, ಕೈಗೆ ಭೂತಗನ್ನಡಿ ಕೊಟ್ಟರು. ವಿಮಾನದಿಂದ ತೆಗೆದದ್ದು. ಮೂಲೆಯಲ್ಲಿ ಮೇ ೧೯೮೮ ಎಂದಿತ್ತು. ನಮ್ಮೂರಿನ ಮಸೀದಿಯ ಬಿಳಿ ಗುಮ್ಮಟ ಸಿಕ್ಕಿತು. ಅಲ್ಲಿಂದ ಕತ್ತೆಗಳ ದಾರಿ ಹಿಡಿದು ಬೆರಳು ಜಾರಿಸಿದೆ. ಮೊದಲು ಮಸೀದಿಯವರ ಹೊಂಡ, ಆಮೇಲೆ ಹಮ್ಮೂ ತಾತನದು, ಮೂರನೆಯದು ನಮ್ಮದು. ಬಟ್ಟಲಿನೊಳಗೆ ಮರದ ನೆತ್ತಿಗಳಿರಲಿಲ್ಲ. ಎಣ್ಣೆ ಸವರಿದ ಹಂಚಿನ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಒಂದು ಪಕ್ಕದಿಂದ ಬೆಳ್ಳಗಿನ ಹೊಸ ಮರಳಿನ ನಾಲಿಗೆಯೊಂದು ಆ ಕಪ್ಪಿನೊಳಕ್ಕೆ ಚಾಚಿಕೊಂಡಿತ್ತು.

"ನೀರು," ಅಂದರು ಮೇಷ್ಟ್ರು. "ಆಳದ ಬಾವಿ ಕೊರೆದು ಮನೆಮನೆಗೂ ನಲ್ಲಿ ಬಂತಲ್ಲ, ಬಳಸಿದ ನೀರು ಹೋಗೋದಕ್ಕೆ ಚರಂಡಿ ಇಲ್ಲ. ಮರಳಿಗೇ ಇಳೀತು. ಕೆಳಗೆ ತುಂಬಿ ಹೊಂಡದಲ್ಲಿ ಎದ್ದಿತು. ಬೇರು ಕೊಳೆತುಹೋದವು. ಈಗ ಸೊಳ್ಳೆ ಕಾಟಕ್ಕೆ ಹೊಂಡಗಳನ್ನೇ ಮುಚ್ತಿದ್ದಾರೆ. ನಿಮ್ಮ ಮನೇಲಿ ಹೇಳಲಿಲ್ವೇನಮ್ಮ?"

ಮರುಭೂಮಿಯಲ್ಲಿ ನಮ್ಮ ಮರಗಳು ಮುಳುಗಿ ಸತ್ತವು ಅಂತ ಯಾರಿಗೆ ಹೇಳಲಿ? ಹೇಳಿದರೆ ನಗುತ್ತಾರೆ.

ಕೋಣೆಗೆ ಬಂದು ನಿನ್ನ ಕಾಗದ ತೆಗೆದೆ. ಅತ್ತೆಯ ಕೈಬರಹದಲ್ಲಿ ನಿನ್ನದೇ ಮಾತು: "ನನ್ನ ಚಿಂತೆ ಬಿಡು ಕೂಸೇ. ಮೊದಲಿನ ಹಾಗೇ ದಿನಾ ಮರಳು ಹೊರ್ತಾ ಇದೀನಿ. ನೀನು ಓದು." ನೀನು ಸುಳ್ಳು ಹೇಳುವವನಲ್ಲ. ಇದೂ ಸುಳ್ಳಲ್ಲ. ಮೇಲಕ್ಕೋ ಕೆಳಕ್ಕೋ ಅನ್ನುವುದನ್ನು ಮಾತ್ರ ನೀನು ಹೇಳಿರಲಿಲ್ಲ. ಅರವತ್ತು ವರ್ಷ ಹೊತ್ತು ಮೇಲಕ್ಕೆ ಹಾಕಿದ ಮರಳನ್ನು ಅದೇ ಬುಟ್ಟಿಯಲ್ಲಿ, ಅದೇ ಮೊಣಕಾಲಿನಲ್ಲಿ ನೀನು ಕೆಳಕ್ಕೆ ಇಳಿಸುತ್ತಿದ್ದೀಯ. ಸತ್ತ ಮರಗಳನ್ನು ಬೇರೆಯವರ ಕೈಯಲ್ಲಿ ಮಣ್ಣು ಮಾಡಿಸುವುದು ಬೇಡ ಅನ್ನಿಸಿತೇನೋ.

ಅತ್ತೆ, ಡಿಸೆಂಬರಿನ ಆ ಪೆಟ್ಟಿಗೆ ಅಂಗಡಿಯದ್ದು, ಅಲ್ಲವೇ? ಸೂಫಿನ ಹುಡುಗಿಯಾಗಿ ನಮ್ಮ ಹೊಂಡದ ಹಣ್ಣಿಗೂ ಕಾಲುವೆ ಹಣ್ಣಿಗೂ ರುಚಿಯ ವ್ಯತ್ಯಾಸ ತಿಳಿಯದೆ, ಇಡೀ ಮಹಡಿಯ ಹುಡುಗಿಯರ ಎದುರು ಅಜ್ಜನ ತಲೆ ಮೇಲೆ ಆಣೆ ಹಾಕಿದೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ಮೂರು ದಿನ ಉಪವಾಸ ಹಿಡಿದೆ. ಗೊತ್ತಿಲ್ಲದೆ ಹಾಕಿದ ಆಣೆಗೆ ಉಪವಾಸ ಬೇಕಿಲ್ಲ ಅಂತ ನೀನು ಹೇಳಬಹುದು. ಆದರೂ ಹಿಡಿದೆ. ಊಟಕ್ಕೆ ಯಾಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ. ಮೂರನೆಯ ಸಂಜೆ ವಸೀಲಾ ಒಬ್ಬಳೇ ಒಂದು ಲೋಟ ಹಾಲು ತಂದಿಟ್ಟು, "ನಿಮ್ಮಜ್ಜ ಆರಾಮಿದ್ದಾರೆ ತಾನೇ?" ಅಂದಳು. ತಲೆಯಾಡಿಸಿದೆ. ಅವಳಿಗೆ ಇನ್ನೂ ನಿಜ ಹೇಳಿಲ್ಲ.

ಅಜ್ಜ, ಐದು ವಾರದಿಂದ ನಿನಗೆ ಕೋಪದ ಕಾಗದ ಬರೆದು ಬರೆದು ಹರಿದೆ. ನನಗೇಕೆ ಹೇಳಲಿಲ್ಲ, ನಾನು ಮನೆಯವಳಲ್ಲವೇ ಎಂದು. ಇದು ಐದನೆಯ ಕಾಗದ. ಇದನ್ನು ಹರಿಯುವುದಿಲ್ಲ.

ಮಾರ್ಚ್ ಮೊದಲ ವಾರ ಹೂ ಕಟ್ಟುವ ಕಾಲ. ನೀನು ಗಂಡುಮರದ ಹೂವನ್ನು ಹೆಣ್ಣು ಗೊನೆಯೊಳಗೆ ಸಿಕ್ಕಿಸಿ ನಾರಿನಲ್ಲಿ ಕಟ್ಟುವಾಗ, ಚಿಕ್ಕಂದಿನಲ್ಲಿ ನಾನು ಕೆಳಗೆ ನಿಂತು ನಾರು ಕೊಡುತ್ತಿದ್ದೆ. ಹೊಂಡದ ಏರು ಕಡೆಯಲ್ಲಿ ಒಂದಾದರೂ ಮರ ಉಳಿದಿದೆಯಾ ಅಜ್ಜ? ಇದ್ದರೆ ನಾನು ಹತ್ತುತ್ತೇನೆ. ಇಲ್ಲದಿದ್ದರೂ ಬರುತ್ತೇನೆ, ಎರಡನೇ ಬುಟ್ಟಿ ತೆಗೆದಿಡು. ಮಾರ್ಚ್ ಎರಡು, ಗುರುವಾರದ ಬಸ್ಸು. ಆ ವಾರ ಒಂದು ಪರೀಕ್ಷೆ ಇದೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಆದರೂ ಬೇಡ ಅನ್ನಬೇಡ.

ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ, ಅತ್ತೆಯ ಎದೆ ಹಗುರ ಮಾಡಲಿ, ಅಪ್ಪನನ್ನು ಕ್ಯಾಂಪಿನಿಂದ ಸುಖವಾಗಿ ಮನೆ ಸೇರಿಸಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಕೂಸು,
ಮಬ್ರೂಕಾ

ತಾ.ಕ.: ಅತ್ತೆ, ಇದನ್ನು ಗಂಟಲು ಸರಿಮಾಡಿಕೊಳ್ಳದೆ ಓದು. ಗೊತ್ತಿಲ್ಲದೆ ಹಾಕಿದ ಆಣೆ ಅಂತ ಮೇಲೆ ಬರೆದೆ. ಅದು ಪೂರ್ತಿ ನಿಜವಲ್ಲ ಅಜ್ಜ. ಹೋದ ಆಗಸ್ಟಿನಲ್ಲಿ ಹನ್ನೊಂದು ದಿನ ಮನೆಯಲ್ಲಿದ್ದೆ. ಹೊಂಡ ಅರ್ಧ ಗಂಟೆಯ ದಾರಿ, ಬಿಸಿಲು ಅಂತ ಒಂದು ದಿನವೂ ಹೋಗಲಿಲ್ಲ. ಬಾ ಅಂತ ನೀನು ಕರೆಯದೆ ಇದ್ದದ್ದು ನನಗೆ ಹಾಯೆನಿಸಿತ್ತು. ಒಂದು ಸಂಜೆ ನೀನು ಬಂದು ಹಾಸಿಗೆಯ ತುದಿಯಲ್ಲಿ ಕೂತೆ. ಮೊಣಕಾಲಿನವರೆಗೆ ಕಪ್ಪು ಕೆಸರು ಮೆತ್ತಿತ್ತು, ನಾರುತ್ತಿತ್ತು. ನಮ್ಮೂರಿನಲ್ಲಿ ಕೆಸರು! ನೀನು ಏನೋ ಹೇಳಲು ಬಾಯಿ ತೆರೆದೆ. ನಾನು ಪುಸ್ತಕದಿಂದ ತಲೆ ಎತ್ತಿ, "ಕಾಲು ತೊಳ್ಕೊಂಡು ಬಾ ಅಜ್ಜ, ಹಾಸಿಗೆ ಗಲೀಜಾಗುತ್ತೆ," ಅಂದೆ. ನೀನು ಎದ್ದು ಹೋಗಿ ನಲ್ಲಿಯ ಕೆಳಗೆ ತೊಳೆದುಕೊಂಡು ಬಂದೆ. ಆಮೇಲೆ ಏನೂ ಹೇಳಲಿಲ್ಲ.