ಬಾಗಿಲ ಪಕ್ಕದ ಗೂಟ

ವಿಯೆನ್ನಾ
ಜನವರಿ 21

ಪ್ರೀತಿಯ ಕೊರಿನ್,

ನೀನು, ಅಳಿಯಂದಿರು, ಪುಟ್ಟ ಮೇವಿಸ್ ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ವಾರಕ್ಕೊಂದು ಕಾಗದ ಬರೆಯುತ್ತೇನೆಂದು ಹೇಳಿ ಹೊರಟವಳು ಹದಿನೆಂಟು ದಿನಗಳಲ್ಲಿ ಒಂದು ಚಿತ್ರದ ಕಾರ್ಡು ಮಾತ್ರ ಹಾಕಿದೆ. ತಪ್ಪಾಯಿತು. ಮೊನ್ನೆ ನೀನು ಫೋನ್ ಮಾಡಿದಾಗಲೂ ಗಂಟಲು ಕೆಟ್ಟಿದೆ ಎಂದು ಬೇಗ ಇಟ್ಟುಬಿಟ್ಟೆ. ಗಂಟಲು ಸರಿಯಾಗಿಯೇ ಇತ್ತು. ನಿನ್ನ ತಮ್ಮ ಗ್ಯಾರೆಟ್‌ನ ಕೋಟು ಕಳೆದುಹೋಗಿತ್ತು. ಅದನ್ನು ನಿನಗೆ ಯಾವ ಬಾಯಲ್ಲಿ ಹೇಳಲಿ ಎಂದು ತಿಳಿಯಲಿಲ್ಲ.

ಮೊದಲಿಂದ ಹೇಳುತ್ತೇನೆ. ದಿನವೂ ನೋಟುಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದೇನೆ, ಅದನ್ನೇ ನೋಡಿಕೊಂಡು ಬರೆಯುತ್ತಿದ್ದೇನೆ.

ಬುಡಾಪೆಸ್ಟಿನಲ್ಲಿ ಗ್ಯಾರೆಟ್‌ನ ಪಟ್ಟಿಯಲ್ಲಿದ್ದ ಹಾಸ್ಟೆಲ್ಲಿಗೇ ಹೋದೆ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವನು ಬರೆದ ಪಟ್ಟಿ ನಿನಗೆ ನೆನಪಿದೆಯಲ್ಲ, ನಾಲ್ಕು ಊರು, ಪ್ರತಿ ಊರಿನ ಕೆಳಗೆ ಒಂದು ಹಾಸ್ಟೆಲ್ಲಿನ ಹೆಸರು. ಅದು ಕೋಟಿನ ಒಳಜೇಬಿನಲ್ಲೇ ಇತ್ತು. ಆ ಕಿತ್ತಳೆ ಬಣ್ಣದ ಕೋಟನ್ನು ನಾನೇ ಹಾಕಿಕೊಂಡು ಬಂದಿದ್ದೆ. ಮೊಣಕಾಲಿನವರೆಗೆ ಬರುತ್ತದೆ, ತೋಳಿನ ತುದಿ ಮಡಚಿಕೊಳ್ಳಬೇಕು. ಬಲತೋಳಿನ ತುದಿಯಲ್ಲಿ ನಾನು ಹಸಿರು ಉಣ್ಣೆಯಲ್ಲಿ ಹಾಕಿದ ಹೊಲಿಗೆ ಹಾಗೇ ಇದೆ.

ಒಂದು ಕೋಣೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು. ಎಲ್ಲರೂ ಇಪ್ಪತ್ತು, ಇಪ್ಪತ್ತೆರಡರ ಮಕ್ಕಳು. ಲಾಕ್ಲನ್ ಎಂಬ ಆಸ್ಟ್ರೇಲಿಯಾದ ಉದ್ದನೆಯ ಹುಡುಗ ನನ್ನ ಕೆಳಗಿನ ಮಂಚದವನು. ನಾನು ಏಣಿ ಹತ್ತುವುದನ್ನು ನೋಡಿ, "ಅಜ್ಜಿ, ರಾತ್ರಿ ಬಿದ್ರೆ ನನ್ ಮೇಲೇ ಬೀಳ್ತೀರ. ಮೊದ್ಲೇ ಒಂದ್ ಕೂಗು ಹಾಕಿ" ಎಂದ.

"ನಿನ್ ಮೇಲೆ ಬಿದ್ರೆ ನನಗೇ ಪೆಟ್ಟು ಕಣೋ. ಬರೀ ಮೂಳೆ. ಏನಾದ್ರೂ ತಿಂತೀಯೋ ಇಲ್ವೋ?" ಎಂದೆ. ಅಂದಿನಿಂದ ಆ ಕೋಣೆಯಲ್ಲಿ ನಾನು ಎಲ್ಲರಿಗೂ ಅಜ್ಜಿಯೇ ಆದೆ. ಅರವತ್ತೆರಡು ವರ್ಷಕ್ಕೆ ಮೊದಲ ಸಲ ದೇಶ ಬಿಟ್ಟವಳೆಂದು ಗೊತ್ತಾದ ಮೇಲೆ ಯಾರೋ ಸಾಕ್ಸ್ ಒಣಗಿಸುವ ಜಾಗ ತೋರಿಸಿದರು, ಯಾರೋ ಸೂಪು ಕೊಟ್ಟರು. ಹೊರಗೆ ಹೋಗುವಾಗ ನಾನು ಅವರ ಕೋಟಿನ ಜಿಪ್ ಸರಿಯಾಗಿದೆಯೋ ನೋಡುತ್ತಿದ್ದೆ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳ ಚಾಳಿ. ಜಿಪ್ ಹಾಕದ ಒಂದು ಮಗುವನ್ನೂ ನಾನು ಬಸ್ಸಿನಿಂದ ಇಳಿಸಿದವಳಲ್ಲ, ನಿನಗೇ ಗೊತ್ತು.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ನದಿಯ ಕಡೆಯಿಂದ ಸುತ್ತಿ ಬಂದೆ. ದಿನವೂ ಕೋಟನ್ನು ಮಂಚದವರೆಗೆ ಒಯ್ಯುತ್ತಿದ್ದವಳಿಗೆ ಅಂದು ಕಾಲು ಸೋತಿತ್ತು. ಬಾಗಿಲು ತೆಗೆದು ಒಳಗೆ ಕಾಲಿಟ್ಟು, ಬೂಟು ಬಿಚ್ಚಿ, ಕೋಟನ್ನು ಬಾಗಿಲ ಪಕ್ಕದ ಮೊದಲ ಗೂಟಕ್ಕೆ ಸಿಕ್ಕಿಸಿ ಮೇಲೆ ಹೋದೆ. ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಹಾಗೇ ಅಲ್ಲವೇ. ಬಾಗಿಲ ಪಕ್ಕದ ಗೂಟಕ್ಕೆ ಹಾಕಿದ ಕೋಟನ್ನು ನಮ್ಮಲ್ಲಿ ಬೇರೆಯವರು ಮುಟ್ಟುವುದುಂಟೇ.

ಬೆಳಿಗ್ಗೆ ಇಳಿದು ಬಂದಾಗ ಗೂಟ ಬರಿದಾಗಿತ್ತು.

ಗೋಡೆಯನ್ನು ಕೈಯಿಂದ ತಡವಿ ನೋಡಿದೆನಂತೆ, ಆಮೇಲೆ ಲಾಕ್ಲನ್ ಹೇಳಿದ. ಹಾಸ್ಟೆಲ್ ನೋಡಿಕೊಳ್ಳುವ ಇಲ್ದಿಕೋ, ಐವತ್ತರ ಆಸುಪಾಸಿನ ಹೆಂಗಸು, ಪೊರಕೆ ಹಿಡಿದುಕೊಂಡೇ ಬಂದಳು.

"ಅಲ್ಲಿ ಹಾಕಿದ್ರಾ? ಅಯ್ಯೋ ಅಕ್ಕಾ, ಅದು ಬಿಟ್ಟುಹೋಗೋರ ಗೂಟ. ಊರಿಗೆ ವಾಪಸ್ ಹೋಗೋರು ಭಾರ ಕಡಿಮೆ ಮಾಡ್ಕೊಳ್ಳೋಕೆ ಅಲ್ಲಿ ಹಾಕ್ತಾರೆ, ಬೇಕಾದೋರು ತಗೊಂಡು ಹೋಗ್ತಾರೆ. ಮೇಲೆ ಬೋರ್ಡ್ ಇದೆಯಲ್ಲ."

ಬೋರ್ಡು ಇತ್ತು. ಮೂರು ಭಾಷೆಯಲ್ಲಿತ್ತು. ಅದರಲ್ಲಿ ಒಂದು ನನಗೆ ಓದಲು ಬರುವುದೇ. ಎಷ್ಟೋ ಸಲ ಅದರ ಕೆಳಗೆ ಓಡಾಡಿದ್ದೇನೆ, ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.

ಕೋಟನ್ನು ಕೊಂಡೊಯ್ದವಳು ರಯಾನಿ, ಬ್ರೆಜಿಲಿನ ಹುಡುಗಿ. ಹಿಮವನ್ನು ಕಣ್ಣಿಂದ ಕಂಡವಳೇ ಅಲ್ಲವಂತೆ. ಅವಳೂ ಇಲ್ಲಿಗೆ ಮೊದಲ ಸಲ ಬಂದವಳು, ಹತ್ತಿಯ ಸ್ವೆಟರ್ ಒಂದರಲ್ಲೇ. ಇಲ್ದಿಕೋ ಹೇಳಿದಳು: "ಬೆಳಿಗ್ಗೆ ಬೇಗ ಕೋಟು ಹಾಕ್ಕೊಂಡು ಬಂದು ನನ್ನನ್ನ ತಬ್ಬಿಕೊಂಡ್ಳು. ಯಾವೂರಿಗೆ ಹೋಗ್ಬೇಕು ಅಂತಲೂ ಗೊತ್ತಿರಲಿಲ್ಲ ಪಾಪ ಅವಳಿಗೆ. ಜೇಬಲ್ಲಿ ಒಂದು ಚೀಟಿ ಸಿಕ್ತಂತೆ. 'ನೋಡಿ, ಕೋಟೇ ದಾರಿ ಹೇಳ್ತಿದೆ' ಅಂತ ನಗ್ತಾ ವಿಯೆನ್ನಾ ಬಸ್ಸು ಹತ್ತಿದ್ಳು."

ನಾನೂ ಅಂದೇ ಹೊರಟೆ. ಹಾಕಿಕೊಳ್ಳಲು ಏನೂ ಇರಲಿಲ್ಲ. ಇಲ್ದಿಕೋ ತನ್ನ ಹಳೆಯ ಬೂದು ಕೋಟು ಕೊಟ್ಟಳು, ನಡುವಿನ ಒಂದು ಗುಂಡಿ ಇಲ್ಲ. "ಬಟ್ಟೆ ತಾನೇ ಅಕ್ಕಾ, ಇಷ್ಟು ದೂರ ಓಡ್ಬೇಕಾ?" ಎಂದಳು. ಮಗನದು ಎಂದೆ. "ಮಗ ಬೈತಾನಾ?" ಎಂದು ನಕ್ಕಳು. ನಾನು ಬೂದು ಕೋಟಿನ ಗುಂಡಿಗಳನ್ನು ಹಾಕಿಕೊಳ್ಳತೊಡಗಿದೆ. ಅವಳ ನಗು ನಿಂತಿತು. ಆಮೇಲೆ ಅವಳೇ ನನ್ನ ಬೆನ್ನುಚೀಲ ಹೊತ್ತು ಬಸ್ ನಿಲ್ದಾಣದವರೆಗೆ ಬಂದಳು.

ವಿಯೆನ್ನಾದ ಹಾಸ್ಟೆಲ್ಲಿನ ಹೆಸರು ನನಗೆ ಬಾಯಿಪಾಠ. ಬಸ್ಸಿಳಿದು ದಾರಿ ಕೇಳಿಕೊಂಡು ಹೋದೆ. ಹಿಮ ಬೀಳುತ್ತಿತ್ತು, ಮೂರು ಗಂಟೆಯಿರಬಹುದು. ಆ ಬೀದಿಯ ಕೊನೆಯಲ್ಲಿ, ಕೊರಿನ್, ನಿನ್ನ ತಮ್ಮ ಹೋಗುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಕೋಟಿನ ಟೊಪ್ಪಿ ತಲೆಯ ಮೇಲಿತ್ತು, ಬಲಭುಜ ಸ್ವಲ್ಪ ತಗ್ಗಿತ್ತು. ಎರಡು ವರ್ಷದ ಹಿಂದೆ ನಾನೇ ಮಣ್ಣು ಹಾಕಿ ಬಂದಿದ್ದೇನೆಂದು ಗೊತ್ತಿದ್ದೂ ಹೆಸರು ಹಿಡಿದು ಕೂಗಿದೆ. ಅವಳು ತಿರುಗಿದಳು. ಕಪ್ಪು ಕಣ್ಣಿನ ಸಣ್ಣ ಮುಖ. ಪಕ್ಕದ ಸೈಕಲ್ಲನ್ನು ಹಿಡಿದುಕೊಂಡೆ.

ಮುಂದೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಹುಡುಗಿಯ ತೋಳನ್ನು ಎರಡು ಕೈಯಿಂದ ಹಿಡಿದು ಎಳೆದೆ. "ನನ್ನ ಮಗನ ಕೋಟು ಬಿಚ್ಚು" ಎಂದೆ. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು.

"ಕ್ಷಮಿಸಿ ಅಮ್ಮ. ಬಿಟ್ಟುಹೋದೋರ ಗೂಟದಲ್ಲಿತ್ತು. ನಾನು ಕದ್ದಿಲ್ಲ" ಎಂದಳು. ಅವಳ ಕಣ್ಣುಗಳು ತುಂಬಿದ್ದವು, ಆದರೆ ತಲೆ ತಗ್ಗಿಸಲಿಲ್ಲ. ಅಲ್ಲೇ ಜಿಪ್ ಎಳೆದು, ಕೋಟು ಬಿಚ್ಚಿ, ನೀಟಾಗಿ ಮಡಚಿ ನನ್ನ ಕೈಗಿಟ್ಟಳು. "ಚೀಟಿ ಒಳಜೇಬಲ್ಲೇ ಇದೆ, ನೋಡ್ಕೊಳ್ಳಿ."

"ನೀನೇನು ಹಾಕ್ಕೋತೀಯ?" ಎಂದೆ. ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು.

"ನನಗೇನೂ ಚಳಿ ಇಲ್ಲ" ಎಂದು ತಿರುಗಿ ನಡೆದಳು.

ತೆಳ್ಳನೆಯ ಸ್ವೆಟರ್, ಅದರ ಮೇಲೆ ಹಿಮ. ನಾನು ಕೋಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅವಳು ಒಂದು ದೀಪದ ಕಂಬ ದಾಟಿದಳು, ಎರಡನೆಯದು ದಾಟಿದಳು. ಕಾಲು ಏಳಲಿಲ್ಲ. ನನ್ನ ಕೈಗಳನ್ನೇ ನೋಡಿಕೊಂಡೆ, ಅವು ಕೋಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವು ಅಂದರೆ ಗೆಣ್ಣುಗಳು ಬಿಳುಚಿದ್ದವು. ಆ ಕೈಗಳು ನನಗೆ ಚೆನ್ನಾಗಿ ಗೊತ್ತಿದ್ದವು. ಮೂರನೆಯ ಕಂಬದ ಹತ್ತಿರ ಅವಳು ಮರೆಯಾಗುವ ಮೊದಲು ನಾನು ಓಡಿದೆ. ಜಾರಿದೆ, ಎದ್ದೆ, ಮತ್ತೆ ಓಡಿದೆ. ಟ್ರಾಮ್ ನಿಲ್ಲುವ ಕಡೆ ಅವಳನ್ನು ಹಿಡಿದೆ.

"ಬೇಡಮ್ಮ, ನಾನು ತಗೊಳ್ಳಲ್ಲ" ಎಂದಳು. ಹಲ್ಲು ಕಟಕಟ ಅನ್ನುತ್ತಿತ್ತು.

"ಮಾತಾಡ್ಬೇಡ, ಕೈ ಹಾಕು" ಎಂದೆ. ಬಸ್ಸಿನಲ್ಲಿ ಮಕ್ಕಳಿಗೆ ಹೇಳುವ ದನಿಯೇ ಬಂತು. ಅವಳೂ ಮಗುವಿನ ಹಾಗೆ ಒಂದು ಕೈ, ಆಮೇಲೆ ಇನ್ನೊಂದು ಕೈ ತೂರಿಸಿದಳು. ಜಿಪ್ಪನ್ನು ಗಲ್ಲದವರೆಗೆ ಎಳೆದೆ. ಟೊಪ್ಪಿ ಏರಿಸಿದೆ. ಆಮೇಲೆ ನಾನು ಅಳತೊಡಗಿದೆ. ಅವಳು ತಬ್ಬಿಕೊಂಡಳು, ಕೋಟಿನ ಆ ಹಳೆಯ ವಾಸನೆ ಇನ್ನೂ ಇತ್ತು.

ಇಬ್ಬರೂ ಎಲ್ಲೋ ಕುಳಿತು ಬಿಸಿಯಾಗಿ ಏನೋ ಕುಡಿದೆವು. ಗ್ಯಾರೆಟ್ ಇಲ್ಲ ಎಂದು ಹೇಳಿದೆ. ಹೇಗೆಂದು ಅವಳು ಕೇಳಲಿಲ್ಲ. ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, "ಈ ಕೋಟಿಗೆ ಇನ್ನೂ ಎರಡು ಊರು ಬಾಕಿ ಇದೆ ಅಮ್ಮ" ಎಂದಳು. ನೀನೇ ತೋರಿಸಿಕೊಂಡು ಬಾ ಎಂದೆ. ಇವತ್ತು ಬೆಳಿಗ್ಗೆ ಪ್ರಾಗ್‌ಗೆ ಹೊರಟಳು. ಮುಗಿದ ಮೇಲೆ ಏನು ಮಾಡಲಿ ಎಂದು ಕೇಳಿದಳು. ಯಾವುದಾದರೂ ಗೂಟಕ್ಕೆ ಹಾಕಿಬಿಡು ಎಂದೆ.

ಕೇಳದೆ ಕೊಟ್ಟುಬಿಟ್ಟೆ, ಕೊರಿನ್. ಅದು ನಿನಗೂ ಸೇರಿದ್ದು. ನನ್ನನ್ನು ಕ್ಷಮಿಸು.

ನಾನು ನಾಳೆ ಬುಡಾಪೆಸ್ಟಿಗೆ ಮರಳುತ್ತೇನೆ. ಹಾಸಿಗೆ ಬಟ್ಟೆ ಮಡಚಲು ಬಾ ಎಂದು ಇಲ್ದಿಕೋ ಕರೆದಿದ್ದಾಳೆ. ಫೆಬ್ರವರಿ ಹದಿನಾಲ್ಕಕ್ಕೆ ನಮ್ಮ ರಿಜೈನಾ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈಸೇರುತ್ತದೆ. ಮಗುವಿನ ಕಿವಿ ಮುಚ್ಚುವಂತೆ ಟೊಪ್ಪಿ ಹಾಕು. ನಿಮ್ಮ ಮನೆ ಬೆಚ್ಚಗಿರಲಿ, ಹೊರಗೆ ಹೋದವರೆಲ್ಲ ಬೆಳಕಿರುವಾಗಲೇ ಮನೆ ಸೇರಲಿ. ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ,
ವರ್ನಾ

ತಾ.ಕ.: ಕಾಗದ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಗ್ಯಾರೆಟ್ ಕೋಟು ಮರೆತು ಹೋದ ಎಂದು ನಿನಗೆ ಹೇಳಿದ್ದೆ, ಪೊಲೀಸರಿಗೂ ಹೇಳಿದ್ದೆ. ಅವನು ಮರೆತಿರಲಿಲ್ಲ. ಆ ಮಧ್ಯಾಹ್ನ ಇದೇ ಪ್ರಯಾಣದ ವಿಷಯಕ್ಕೆ ಜಗಳವಾಗಿತ್ತು. ಅವನು ಹೊರಗೆ ಹೊರಟಾಗ ನಾನು ಬಾಗಿಲ ಪಕ್ಕದ ಗೂಟದಿಂದ ಕೋಟನ್ನು ಎಳೆದುಕೊಂಡು ಎದೆಗೆ ಒತ್ತಿ ಹಿಡಿದೆ. "ಇದಿಲ್ದೆ ಎಷ್ಟು ದೂರ ಹೋಗ್ತೀಯ ನೋಡ್ತೀನಿ" ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿ ಬಾಗಿಲು ತೆರೆದ. ಟ್ರಕ್ಕು ಹೊರಟ ಸದ್ದು ಕೇಳಿತು. ಗೇಟಿನಿಂದ ತಿರುಗಿ ಬರುತ್ತಾನೆಂದು ಕೋಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಗಾಳಿ ಎದ್ದಿತು, ಹಿಮ ದಾರಿ ಮುಚ್ಚಿತು, ನಾನು ಕುಳಿತೇ ಇದ್ದೆ. ಅವನು ಟ್ರಕ್ಕು ಹೂತುಹೋದ ಕಡೆಯಿಂದ ನಮ್ಮ ಮನೆಯ ಕಡೆಗೇ ನಡೆದು ಬರುತ್ತಾ ಚಳಿಗೆ ಬಿದ್ದಿದ್ದನೆಂದು ಮರುದಿನ ಪೊಲೀಸರು ಹೇಳಿದರು.

ಇದನ್ನು ಓದಿದ ಮೇಲೆ ನೀನು ವಿಮಾನ ನಿಲ್ದಾಣಕ್ಕೆ ಬರದಿದ್ದರೆ ನನಗೆ ಅರ್ಥವಾಗುತ್ತದೆ. ಬರುವುದಾದರೆ ಕಿತ್ತಳೆ ಬಣ್ಣದ ಕೋಟನ್ನು ಹುಡುಕಬೇಡ. ನಾನು ಗುಂಡಿ ಇಲ್ಲದ ಬೂದು ಕೋಟಿನಲ್ಲಿರುತ್ತೇನೆ.