ಮೋಟಾರು ಎಲ್ಲಿರಬೇಕು

ಲೀಕ್, ಸ್ಟಾಫರ್ಡ್‌ಶೈರ್
12 ಜೂನ್ 2012

ಪ್ರೀತಿಯ ಆಲ್ವಿನ್,

ನೀನೂ ಮೇವಿಸ್ಸೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮಂಡಿ ಆಪರೇಷನ್ ಆಯಿತು ಅನ್ನುವುದು ಅರ್ಧ ನೆಪ, ಉಳಿದರ್ಧ ಸೋಮಾರಿತನ.

ನಮ್ಮ ರಿಮೋಟ್ ಕಾರು ಕ್ಲಬ್ಬಿನವರು ಮಣ್ಣಿನ ಟ್ರ್ಯಾಕಿನ ಮೇಲೆ ಕೃತಕ ಹುಲ್ಲು ಹಾಸಿಬಿಟ್ಟರು. ದಿಬ್ಬಗಳೆಲ್ಲ ಹಾಗೇ ಇವೆ, ಧೂಳು ಮಾತ್ರ ಇಲ್ಲ. ನನ್ನ ಹಳೇ ಕಾರು ನಿನಗೆ ಗೊತ್ತಲ್ಲ, ಮೋಟಾರು ಹಿಂದಿನ ಚಕ್ರಗಳ ಅಚ್ಚಿನ ಆಚೆ ನೇತಾಡುವಂಥದ್ದು. ಧೂಳಿನಲ್ಲಿ ಆ ಭಾರವೇ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿತ್ತು. ಈ ಹುಲ್ಲಿನಲ್ಲಿ ಹಿಡಿತಕ್ಕೇನೂ ಬರವಿಲ್ಲ. ಮೂತಿ ಹಗುರಾಗಿ, ಪ್ರತಿ ತಿರುವಿನಲ್ಲೂ ಹೊರಗೆ ಸರಿದು ಅಂಚಿನ ಪೈಪಿಗೆ ಬಡಿಯುತ್ತದೆ. ಮೊದಲ ಭಾನುವಾರ ಹನ್ನೊಂದು ಜನರಲ್ಲಿ ಹತ್ತನೆಯವನಾದೆ. ಹನ್ನೊಂದನೆಯವನ ಬ್ಯಾಟರಿ ಸತ್ತಿತ್ತು.

ಗೆದ್ದವನು ಕ್ಲಿಫ್ ಸ್ಟಬ್ಸ್. ಹೆಸರು ನೋಡಿ ಕಾಗದ ಮಡಚಬೇಡ, ಓದು. ಅವನು ತಂದಿದ್ದು ಮೋಟಾರು ಅಚ್ಚಿನ ಮುಂದೆ, ಕಾರಿನ ನಡುವೆ ಇರುವಂಥದ್ದು. ಬೇಕನ್ ರೋಲ್ ತಿನ್ನುತ್ತಾ ನನ್ನ ಮೇಜಿನ ಹತ್ತಿರ ಬಂದ.

"ನೋಯಲ್, ಆಲ್ವಿನ್ ತೊಂಬತ್ತಾರರಲ್ಲೇ ಅಡುಗೆಮನೇಲಿ ಕೂತು ಗೇರ್‌ಬಾಕ್ಸ್ ತಿರುಗಿಸಿ ಇದನ್ನೇ ಮಾಡಿರ್ಲಿಲ್ವೇನೋ?"

"ಅದನ್ನ ಬಸುರಿ ಕಾರು ಅಂತ ಆಡ್ಕೊಂಡು ನಗ್ತಿದ್ದವನು ನೀನೇ ಅಲ್ವಾ?" ಅಂದೆ.

"ಹೂಂ, ನಗ್ತಿದ್ದೆ. ನಗೋದು ಬೇರೆ, ಓಡಿಸ್ಬೇಡ ಅನ್ನೋದು ಬೇರೆ" ಅಂತ ಹೇಳಿ ಹೊರಟುಹೋದ.

ಈಗ ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ಹೊಸ ಟ್ರ್ಯಾಕಿನ ಮೊದಲ ದೊಡ್ಡ ರೇಸ್. ನಿನ್ನನ್ನೇ ಕರೆಸಿ, ನಿನ್ನ ಆ ಕಾರಿನಲ್ಲೇ ಮೊದಲ ಸುತ್ತು ಹಾಕಿಸಬೇಕು ಅಂತ ಕಮಿಟಿಯಲ್ಲಿ ಎಲ್ಲರೂ ಕೈಯೆತ್ತಿದರು. ಕ್ಲಿಫ್ ಆಮೇಲೆ ನನ್ನೊಬ್ಬನಿಗೇ ಹೇಳಿದ, "ನಾನಿದ್ರೆ ಅವನು ಬರಲ್ಲ ಕಣೋ. ಅವತ್ತು ನಾನು ಮನೇಲೇ ಇರ್ತೀನಿ ಅಂತ ಬರೆದುಬಿಡು." ಈ ವರ್ಷ ಪಾಯಿಂಟಿನಲ್ಲಿ ಮುಂದಿರುವವನು ಅವನೇ.

ಬಾ ಮಾರಾಯ. ನಿನ್ನ ಬೆನ್ನುನೋವು ಬೇಗ ಇಳಿಯಲಿ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ
ನೋಯಲ್

ತಾ.ಕ.: ಈ ಕಾಗದ ಎರಡು ದಿನ ಲಕೋಟೆಯಲ್ಲೇ ಉಳಿಯಿತು. ಮನೆಯಲ್ಲಿ ಮಾಡಿದ ಕಾರುಗಳನ್ನು ಚಾಂಪಿಯನ್‌ಷಿಪ್ಪಿಗೆ ಬಿಡಬಾರದು ಅಂತ ತೊಂಬತ್ತಾರರಲ್ಲಿ ತೀರ್ಮಾನವಾಯಿತಲ್ಲ, ಅವತ್ತು ಮತದ ಚೀಟಿ ಎಣಿಸಿದವನು ನಾನು. ನಿನ್ನ ವಿರುದ್ಧ ಐದು, ಪರ ನಾಲ್ಕು. ಕ್ಲಿಫ್‌ನ ಕೈಬರಹ ಗುರುತು ಸಿಕ್ಕಿತು. ಅವನು ನಿನ್ನ ಪರ ಹಾಕಿದ್ದ. ವಿರುದ್ಧ ಬಿದ್ದ ಐದರಲ್ಲಿ ಒಂದು ನನ್ನದು. ಮಳೆಗೆ ಧೂಳು ಕೂತು ನೆಲಕ್ಕೆ ಹಿಡಿತ ಬಂದಿದ್ದ ಎರಡು ಭಾನುವಾರ ನೀನು ನನ್ನನ್ನು ಸೋಲಿಸಿದ್ದೆ. ಮೂರನೆಯ ಸಲ ಸೋಲುವುದು ನನಗೆ ಬೇಡವಾಗಿತ್ತು. ಆಮೇಲೆ ನನ್ನ ವ್ಯಾನಿನಲ್ಲಿ ಮನೆ ಸೇರುವವರೆಗೂ ನೀನು ಕ್ಲಿಫ್‌ನನ್ನು ಬೈಯುತ್ತಿದ್ದೆ, ನಾನು ಹೂಂಗುಟ್ಟುತ್ತಿದ್ದೆ.

ನಿನ್ನೆ ಕ್ಲಿಫ್‌ನ ಮನೆಗೆ ಹೋಗಿ ಇದನ್ನು ಹೇಳಿದೆ. "ಗೊತ್ತಿತ್ತು, ಇದ್ದಿದ್ದೇ ಒಂಬತ್ತು ಜನ, ಯಾರ್ದು ಯಾವ ಕಡೆ ಅಂತ ಲೆಕ್ಕ ಹಾಕೋದೇನು ಕಷ್ಟ" ಅಂದ. ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ. "ಅವನಿಗೆ ಇಲ್ಲಿ ಒಬ್ಬ ಸ್ನೇಹಿತನಾದ್ರೂ ಉಳೀಲಿ ಅಂತ" ಅಂದ.

ಆಗಸ್ಟಿನಲ್ಲಿ ಕ್ಲಿಫ್ ಟ್ರ್ಯಾಕಿನ ಹತ್ತಿರ ಇರುತ್ತಾನೆ. ನಾನು ಬರಬೇಕೋ ಬೇಡವೋ, ನೀನು ಬರೆ.